ಎಂಟು ಎಸಳಿನ ಜಾಲಿ

ವಿಮಲಾಬಾಯಿಗೆ ಆರು ಜಾಲಿ ಬೇಕಾಗಿದ್ದವು. ಗಾಳಿಯಾಡಲು ಗೋಡೆಗೆ ಕೂರಿಸುವ ತೂತುಬಿಲ್ಲೆಗಳು; ಸಿಮೆಂಟಿನವು, ಗೇಣಗಲದವು, ನಡುವೆ ಎಂಟು ಎಸಳಿನ ಹೂವಿರುವಂಥವು. ಸೋಮವಾರದೊಳಗೆ ಸಿಗದಿದ್ದರೆ ಹಿರಿಯ ನೆಗೆಣ್ಣಿ, ಅವಳು ಅಕ್ಕ ಎಂದು ಕರೆಯುವ ಬಸವೇಶ್ವರಿಯ ಮುಖ ಇನ್ನು ಕಾಣುವಂತಿರಲಿಲ್ಲ.

ಸೇಡಂನ ಆ ಮನೆಯನ್ನು ಮಾವ ಕಟ್ಟಿಸಿದ್ದು ಅರವತ್ನಾಲ್ಕರಲ್ಲಿ. ಆಗ ವಾಡಿ, ಶಹಾಬಾದ್ ಕಡೆ ಹೊಸ ಕ್ವಾರ್ಟರ್ಸುಗಳಿಗೆಲ್ಲ ಜಾಲಿಯೇ ಷೋಕಿ. ಮಾವನೂ ಪಡಸಾಲೆಯ ನಡುವೆ ಮಾಳಿಗೆ ಮುಟ್ಟುವಂತೆ ಜಾಲಿ ಗೋಡೆ ಏರಿಸಿದ. ಮಕ್ಕಳಿಬ್ಬರೂ ಜಗಳಾಡಿ ಪಾಲಾದಾಗ ಗೆರೆ ಬಿದ್ದದ್ದು ಆ ಗೋಡೆಯ ಮೇಲೆಯೇ. ಗಂಡಸರು ಇಟ್ಟಂಗಿ ಗೋಡೆ ಕಟ್ಟೋಣ ಎಂದರು, ಹೆಂಗಸರು ಗಾಳಿ ಬೇಕೆಂದು ಹಟ ಹಿಡಿದರು. ಜಾಲಿ ಒಡೆದರೆ ಅದೇ ಹೂವಿನ ಜಾಲಿ ಕೂರಿಸತಕ್ಕದ್ದು ಎಂದು ಪಾಲುಪತ್ರದಲ್ಲಿ ಬರೆಸಿದವಳು ವಿಮಲಾಬಾಯಿಯೇ. ಸಿಗದಿದ್ದರೆ ಬೇಕಾದವರು ಗೋಡೆ ಕಟ್ಟಿಕೊಳ್ಳಬಹುದು ಎಂದು ಗಂಡಸರು ಅದಕ್ಕೊಂದು ಬಾಲ ಸೇರಿಸಿದರು. ಬಾಲವನ್ನು ಯಾರೂ ಅಷ್ಟಾಗಿ ನೋಡಲಿಲ್ಲ.

ಇಪ್ಪತ್ತೆರಡು ವರ್ಷ ದಿನಾ ಮಧ್ಯಾಹ್ನ ವಿಮಲಾಬಾಯಿ ಬಿಸಿ ರೊಟ್ಟಿಯೊಳಗೆ ಪುಂಡಿಪಲ್ಯ ಸುತ್ತಿ ಹೂವಿನ ಸಂದಿಯಿಂದ ಆಚೆ ತೂರಿಸುತ್ತಿದ್ದಳು. ಆಚೆಯಿಂದ ಒಂದೇ ಮಾತು ಬರುತ್ತಿತ್ತು: "ಉಪ್ಪು ಕಮ್ಮಿ ಆಗ್ಯದ." ಗಂಡಂದಿರಿಬ್ಬರೂ ತೀರಿಕೊಂಡರು, ಜಗಳ ಮಾತ್ರ ಬಸವೇಶ್ವರಿಯ ಮಗ ಮಹೇಶಕುಮಾರನ ಪಾಲಿಗೆ ಬಂತು. ಹೋದ ವರ್ಷ ಬಸವೇಶ್ವರಿಗೆ ಲಕ್ವಾ ಹೊಡೆದು ಒಂದು ಕೈ ಸೋತಾಗ ವಿಮಲಾಬಾಯಿ ಮಾನ ಬಿಟ್ಟು ಮುಂಬಾಗಿಲಿಗೆ ಹೋದಳು. ಮಹೇಶ ಚೌಕಟ್ಟಿಗೆ ಕೈ ಅಡ್ಡ ಇಟ್ಟು ನಿಂತ. ಅಂದಿನಿಂದ ಅಕ್ಕನ ಹಟಕ್ಕೆ ಅವಳು ಮಲಗುವ ಹೊರಸು ಜಾಲಿಯ ಪಕ್ಕಕ್ಕೆ ಬಂತು.

ಗುರುವಾರ ಆ ಕಡೆ ಕಬ್ಬಿಣದ ಅಲಮಾರಿ ಸರಿಸುವಾಗ ಅದು ಗೋಡೆಗೆ ಬಿತ್ತು, ಆರು ಜಾಲಿ ಒಡೆದವು. ಮಹೇಶ ಬೇಕಂತಲೇ ಬೀಳಿಸಿದನೋ ಏನೋ.

"ಕಾಗದದಾಗ ನೀನೇ ಬರೆಸೀದಿ ಕಾಕಿ," ಎಂದ ಮಹೇಶ, ಆ ಕಿಂಡಿಯಿಂದಲೇ. "ಸೋಮವಾರ ತನಕಾ ನೋಡ್ತೀನಿ. ಆಮ್ಯಾಲೆ ಪೂರಾ ಇಟ್ಟಂಗಿ."

ಗೋಡೆ ಕಟ್ಟುವ ಗೌಂಡಿ ಬಾಬುಮಿಯಾನನ್ನು ಕೇಳಿದಳು. ಅವನ ಅಪ್ಪನೇ ಈ ಜಾಲಿ ಎರಕ ಹೊಯ್ದವನು. "ಎರಕ ಹೊಯ್ಯೋ ಸಾಂಚಾ ಗುಜರಿಗೆ ಹೋಗಿ ಹತ್ತು ವರ್ಷ ಆತು, ತಂಗೆವ್ವ," ಎಂದ. "ಹಳೇ ಗೋಡಿಯಿಂದಾನೇ ಕೀಳಬೇಕು. ಆದರ ಖರೇ ಹೇಳ್ತೀನಿ, ಸೋಮವಾರದ ಇಟ್ಟಂಗಿ ಕೆಲಸಕ್ಕ ಮಹೇಶ ನನಗೇ ಹೇಳ್ಯಾನ."

"ಇರಲಿ ಅಣ್ಣಾ. ನಾಳೆ ನನ್ನ ಕೂಡ ಬಾ."

ಶುಕ್ರವಾರ ವಾಡಿಗೆ ಹೋದರು. ಕೆಡವಲು ಬಿಟ್ಟ ಕ್ವಾರ್ಟರ್ಸುಗಳಲ್ಲಿ ಬೇಕಾದಷ್ಟು ಜಾಲಿ, ಅದೇ ಹೂವು. ಕಾವಲಿನವನು, "ಒಯ್ರಿ, ಯಾರು ಬ್ಯಾಡಂತಾರ," ಎಂದ. ಆದರೆ ಅವನ್ನು ಸಿಮೆಂಟಿನಲ್ಲೇ ಕೂರಿಸಿದ್ದರು. ಬಾಬುಮಿಯಾ ಛಿನ್ನಿ ಇಟ್ಟು ಸುತ್ತಿಗೆ ಬಡಿದ ಕೂಡಲೇ ಎಸಳೆಸಳಾಗಿ ಕಳಚಿ ಬಿದ್ದವು. ಹನ್ನೊಂದು ಜಾಲಿಗೆ ಛಿನ್ನಿ ಇಟ್ಟ, ಹನ್ನೊಂದೂ ಚೂರು.

"ಸುಣ್ಣದಾಗ ಕೂಡಿಸಿದ್ದು ಹುಡುಕಬೇಕು. ಸುಣ್ಣ ಬಿಟ್ಟುಕೊಡ್ತದ," ಎಂದ ಬಾಬುಮಿಯಾ.

ಸುಣ್ಣದ ಗೋಡೆ ಇದ್ದದ್ದು ಶಹಾಬಾದಿನ ಒಂದು ಹಳೆಯ ಓಣಿಯಲ್ಲಿ. ಶನಿವಾರ ಅಲ್ಲಿಗೆ ಹೋದರೆ ಓಣಿಯೇ ಇರಲಿಲ್ಲ. ಜೆಸಿಬಿ ಬುಧವಾರವೇ ಬಂದು ಹೋಗಿತ್ತು. ಸಂಜೆಯವರೆಗೆ ಕಲ್ಲು, ಮಣ್ಣು ಕೆದರಿದ ಮೇಲೆ ಒಂದೇ ಒಂದು ಇಡೀ ಜಾಲಿ ಸಿಕ್ಕಿತು. ಬಸ್ಸಿನಲ್ಲಿ ಅದನ್ನು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದಳು.

ಭಾನುವಾರ ಚಿತ್ತಾಪುರದಲ್ಲಿ ರಸ್ತೆಗೇ ಹೊಂದಿಕೊಂಡ ಒಂದು ಮನೆಯ ಪಡಸಾಲೆಗೆ ಅದೇ ಹೂವಿನ ಜಾಲಿ ಕಂಡಿತು. ಒಂಬತ್ತು. ಬಾಬುಮಿಯಾ ಉಗುರಿನಿಂದ ಸಂದಿ ಕೆರೆದು, "ಸುಣ್ಣ! ಬೆಣ್ಣಿಯಂಗ ಬರ್ತಾವ," ಎಂದು ನಕ್ಕ. ಮೂರು ದಿನದಲ್ಲಿ ಅವನು ನಕ್ಕದ್ದು ಆಗಲೇ.

ಮನೆಯೊಡತಿ ನಜಮುನ್ನೀಸಾ, "ಬರ್ರಿ ಅಕ್ಕಾರ, ಕುಂದ್ರಿ," ಎಂದು ಚಹಾ ಕೊಟ್ಟಳು, ಕಥೆಯನ್ನೆಲ್ಲ ಕೇಳಿದಳು. ಕೇಳುತ್ತ ಅವಳ ಕಣ್ಣು ತುಂಬಿದವು. ಆಮೇಲೆ ಮೆಲ್ಲಗೆ ಹೇಳಿದಳು: "ಇಲ್ಲೇ ನನ್ನ ಜಾಗಾ. ಮಶೀನ್ ಹೊಲೀತೀನಿ, ರಸ್ತಾ ನೋಡ್ತೀನಿ. ಹೊರಗಿನವರಿಗೆ ನಾ ಕಾಣಂಗಿಲ್ಲ. ಇವು ತೆಗೆದರ ನಾ ಎಲ್ಲಿ ಕುಂದ್ರಲಿ, ಹೇಳ್ರಿ?"

ವಿಮಲಾಬಾಯಿ ಹೂವಿನ ಸಂದಿಯಿಂದ ಹೊರಗೆ ನೋಡಿದಳು. ತರಕಾರಿ ಗಾಡಿ, ಶಾಲೆಯ ಗೋಡೆ, ಬೇವಿನ ಗಿಡ. ಬಟ್ಟಲು ಕೆಳಗಿಟ್ಟಳು. "ಬ್ಯಾಡ ತಂಗಿ. ನಿನ್ನವು ನಿನಗಿರಲಿ."

ಹೊರಗೆ ಬಂದ ಮೇಲೆ ಬಾಬುಮಿಯಾ ಸಿಟ್ಟಾದ. "ಇನ್ನೊಂದು ಮಾತು ಕೇಳಿದ್ದರ ಕೊಡ್ತಿದ್ದಳು!"

"ಅದಕ್ಕೇ ಕೇಳಲಿಲ್ಲ ಅಣ್ಣಾ."

ಸೋಮವಾರ ಇಟ್ಟಂಗಿ ಬಂದವು. ಬಾಬುಮಿಯಾ ಆ ಕಡೆ ನಿಂತು, "ಒಂದು ಜಾಲಿ ಸಿಕ್ಕದ, ಇದೊಂದು ಕೂಡಸ್ಲೇನು?" ಎಂದು ಕೇಳಿದ್ದು ಅವಳಿಗೆ ಕೇಳಿಸಿತು. "ಬ್ಯಾಡ," ಎಂದ ಮಹೇಶ. ಜಾಲಿಯ ಬೆನ್ನಿಗೆ ಸಾಲು ಸಾಲಾಗಿ ಇಟ್ಟಂಗಿ ಏರಿತು, ಒಂದೊಂದೇ ಹೂವು ಕುರುಡಾಯಿತು. ಒಡೆದ ಕಿಂಡಿಯನ್ನು ಮಾತ್ರ ಬಾಬುಮಿಯಾ ಮಧ್ಯಾಹ್ನದವರೆಗೆ ಮುಟ್ಟಲಿಲ್ಲ.

"ಯಾಕ ನಿಂತಿ ಚಾಚಾ?" ಎಂದು ಮಹೇಶ ಕೇಳಿದ.

"ಕೆಳಗಿನದು ಬಿಗಿ ಆಗಬೇಕು. ನಿನಗ ತಿಳಿಯಂಗಿಲ್ಲ, ಸುಮ್ನಿರು."

ಕಿಂಡಿ ದೊಡ್ಡದಾದ್ದರಿಂದ ಈ ನಾಲ್ಕು ದಿನ ವಿಮಲಾಬಾಯಿ ರೊಟ್ಟಿ ಸುತ್ತಿರಲಿಲ್ಲ, ಊರೂರು ಹೊರಟ ದಿನವೂ ಬೆಳಿಗ್ಗೆಯೇ ತಟ್ಟೆಯನ್ನೇ ಆಚೆ ಕೊಟ್ಟು ಹೋಗುತ್ತಿದ್ದಳು. ಇವತ್ತೂ ತಟ್ಟೆ ಚಾಚಿದಳು, ಅಕ್ಕನ ಸೋತ ಕೈಯನ್ನು ಹಿಡಿದುಕೊಂಡಳು. ಅಕ್ಕ ಒಂದೊಂದು ತುತ್ತನ್ನೂ ಎಷ್ಟೋ ಹೊತ್ತು ಅಗಿದಳು. ಅಷ್ಟರಲ್ಲಿ ಸುತ್ತಲಿಂದ ಇಟ್ಟಂಗಿ ಏರಿ ಕಿಂಡಿಯಲ್ಲಿ ತಟ್ಟೆಯಷ್ಟೇ ಜಾಗ ಉಳಿಯಿತು. ಕಡೆಗೆ ತೊದಲುತ್ತ ಅಂದಳು: "ಉಪ್ಪು... ಕಮ್ಮಿ."

"ತಡೀ, ತರ್ತೀನಿ," ಎಂದು ವಿಮಲಾಬಾಯಿ ಒಳಗೆ ಓಡಿದಳು.

ಹಿಡಿ ಉಪ್ಪಿನೊಂದಿಗೆ ಬಂದಾಗ ಖಾಲಿ ತಟ್ಟೆ ಈ ಕಡೆ ಇತ್ತು. ಕಿಂಡಿ ಮುಚ್ಚಿತ್ತು.

"ಅಕ್ಕಾರೇ ಕೈ ಮಾಡಿದರು, ಇಟ್ಟಂಗಿ ಇಟ್ಟುಬಿಡು ಅಂತ," ಬಾಬುಮಿಯಾನ ದನಿ ಇಟ್ಟಂಗಿಯ ಹಿಂದಿನಿಂದ ಬಂತು. ಆಮೇಲೆ ಮಹೇಶನಿಗೂ ಕೇಳುವಂತೆ ಜೋರಾಗಿ ಹೇಳಿದ: "ತಂಗೆವ್ವ, ನಿಮ್ಮ ಕಡಿಯಿಂದ ಏಳು ದಿನ ಹಸಿ ಗೋಡಿಗೆ ನೀರು ಹೊಡೀರಿ. ಇಲ್ಲಂದ್ರ ಬಿರುಕು ಬಿಡ್ತದ."

ವಿಮಲಾಬಾಯಿ ಒಂದು ಹನಿ ನೀರೂ ಹೊಡೆಯಲಿಲ್ಲ.