ಭಾವನ ಕ್ಯಾಸೆಟ್ಟುಗಳು

ಭಾವ ಪುಟ್ಟಸ್ವಾಮಿ ತೀರಿಕೊಂಡ ಮೂರನೇ ತಿಂಗಳಲ್ಲಿ, ಅವರ ಕ್ಯಾಸೆಟ್ಟುಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಹಾಕಿಕೊಡುತ್ತೇನೆ ಎಂದು ಪ್ರಸನ್ನ ತಾನಾಗಿಯೇ ಹೇಳಿದ. ಅಕ್ಕ ಯಶೋದಮ್ಮ ಕೇಳಿರಲಿಲ್ಲ. ಮಳವಳ್ಳಿಯ ಮನೆಯ ಅಟ್ಟದಲ್ಲಿ ಒಂದು ಕಬ್ಬಿಣದ ಟ್ರಂಕಿನ ತುಂಬ ಆ ಕ್ಯಾಸೆಟ್ಟುಗಳಿದ್ದವು, ನೂರೆಂಬತ್ತರ ಹತ್ತಿರ. ಭಾವ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಬೀಡಿಯಿಲ್ಲ, ಇಸ್ಪೀಟಿಲ್ಲ, ಇದ್ದದ್ದು ಹಾಡಿನ ಹುಚ್ಚೊಂದೇ. ಟೇಪ್ ರೆಕಾರ್ಡರ್ ಕೆಟ್ಟು ಹತ್ತು ವರ್ಷವಾಗಿದ್ದರೂ ಟ್ರಂಕನ್ನು ಯಾರೂ ಮುಟ್ಟುವಂತಿರಲಿಲ್ಲ.

“ಒಂದು ಸಣ್ಣ ಡಬ್ಬ ಅಕ್ಕ. ಮನೆ ವೈಫೈಗೆ ಸೇರಿಸಿಬಿಟ್ರೆ ಆಯ್ತು. ಅಡಿಗೆಮನೇಲಿ ಒಂದು ಸ್ಪೀಕರು, ಹಾಲಲ್ಲಿ ಒಂದು. ಫೋನಲ್ಲಿ ಹೆಸರು ಒತ್ತಿದ್ರೆ ನೀನು ಎಲ್ಲಿದ್ರೆ ಅಲ್ಲಿ ಭಾವನ ಹಾಡು ಬತ್ತವೆ,” ಎಂದ.

“ಎಲ್ಲಾವೂ ಬತ್ತವಾ?”

“ಎಲ್ಲಾವೂ.”

ಪ್ರಸನ್ನ ಮದ್ದೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು, ಮನೆ ಮಂಡ್ಯದಲ್ಲಿ. ನೆಂಟರಿಷ್ಟರಲ್ಲಿ ಯಾರ ಫೋನು ಕೆಟ್ಟರೂ, ಯಾರ ಟಿವಿ ಮಂಕಾದರೂ ಅವನಿಗೇ ಕರೆ. ಅದು ಅವನಿಗೆ ಇಷ್ಟವೂ ಆಗಿತ್ತು. ಮದ್ದೂರು ಬಸ್ ನಿಲ್ದಾಣದ ಹತ್ತಿರ ಮಿಕ್ಸಿ, ರೇಡಿಯೋ ರಿಪೇರಿ ಮಾಡುವ ಜಹಾಂಗೀರ್ ಸಾಬರು ಹಳೇ ಕ್ಯಾಸೆಟ್ ಡೆಕ್ಕೊಂದನ್ನು ಸರಿಮಾಡಿ ಕೊಟ್ಟು, ಕಂಪ್ಯೂಟರಿಗೆ ಯಾವ ವೈರು ಹಾಕಬೇಕೆಂದು ತೋರಿಸಿದರು.

“ಮೇಷ್ಟ್ರೇ, ಒಂದು ಮಾತು. ಮೇಲೆ ಬರ್ದಿರೋ ಹೆಸ್ರು ನಂಬ್ಕೋಬೇಡಿ. ಎರಡು ಸೈಡೂ ಪೂರ್ತಿ ಕೇಳಿ. ಸಿನಿಮಾ ಹಾಡಿನ ಮೇಲೇ ಮನೆಯೋರು ಏನೇನೋ ರೆಕಾರ್ಡ್ ಮಾಡ್ಕೊಂಡಿರ್ತಾರೆ,” ಎಂದರು.

ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ಟ್ರಂಕನ್ನು ಮಂಡ್ಯದ ಮನೆಗೆ ತಂದಿಟ್ಟುಕೊಂಡು, ಬೇಸಿಗೆ ರಜೆಯಲ್ಲಿ ಪ್ರಸನ್ನ ಮೂವತ್ತೆಂಟನ್ನು ಕೂತು ಮುಗಿಸಿದ. ಆಮೇಲೆ ಶಾಲೆ ಶುರುವಾಯಿತು. ಟ್ರಂಕು ಹಾಗೇ ಮೂಲೆಯಲ್ಲಿ ಬಿದ್ದಿತ್ತು. ಅಕ್ಕ ವಾರಕ್ಕೊಮ್ಮೆ ಫೋನು ಮಾಡಿ, “ಎಲ್ಲಿಗ್ ಬಂತಪ್ಪಾ?” ಎನ್ನುತ್ತಿದ್ದಳು. “ಆಗ್ತಾ ಇದೆ,” ಎನ್ನುತ್ತಿದ್ದ.

ಒಂದು ಭಾನುವಾರ ಉಳಿದವನ್ನೆಲ್ಲ ನೆಲಕ್ಕೆ ಸುರಿದು ನೋಡಿದ. ಭಾವನ ದುಂಡಗಿನ ಅಕ್ಷರದಲ್ಲಿ ಸಿನಿಮಾಗಳ ಹೆಸರು. ಈ ಹಾಡುಗಳೆಲ್ಲ ನೆಟ್ಟಿನಲ್ಲೇ ಸಿಗುತ್ತವಲ್ಲ, ಇದಕ್ಕಿಂತ ಶುದ್ಧವಾಗಿ, ಅನ್ನಿಸಿತು. ಎರಡು ದಿನದಲ್ಲಿ ಎಲ್ಲವನ್ನೂ ಇಳಿಸಿ, ಕ್ಯಾಸೆಟ್ಟಿನ ಮೇಲಿದ್ದ ಹೆಸರನ್ನೇ ಫೋಲ್ಡರುಗಳಿಗೆ ಇಟ್ಟ. ಮಳವಳ್ಳಿಗೆ ಹೋಗಿ ಡಬ್ಬ ಜೋಡಿಸಿದ ದಿನ ಅಕ್ಕ ಅವನ ಕೈ ಹಿಡಿದುಕೊಂಡು ಅತ್ತಳು. ಬೀದಿಯವರಿಗೆಲ್ಲ ತಮ್ಮನ ವಿಷಯ ಹೇಳಿಕೊಂಡಳು. ಕ್ಯಾಸೆಟ್ಟುಗಳು ಇನ್ನು ಕೆಲಸಕ್ಕಿಲ್ಲ ಎಂದು ಅಕ್ಕನಿಗೂ ಹೇಳಿ, ಅವನ್ನೆಲ್ಲ ಮದ್ದೂರಿನ ಜಹಾಂಗೀರ್ ಸಾಬರಿಗೆ ಕೊಟ್ಟುಬಿಟ್ಟ.

ಹದಿನೈದು ದಿನ ಕಳೆದಿರಬಹುದು, ಸಾಬರು ಫೋನು ಮಾಡಿದರು. ಪ್ರಸನ್ನ ಸ್ಟಾಫ್ ರೂಮಿನಲ್ಲಿದ್ದ.

“ಮೇಷ್ಟ್ರೇ, ಕೆಲವು ಕ್ಯಾಸೆಟ್‌ನಲ್ಲಿ ಮನೆ ಮಾತಿದೆ. ಒಬ್ರು ಗಂಡಸು ಹಾಡವ್ರೆ. ಒಂದು ಮಗು ಮಗ್ಗಿ ಹೇಳ್ತದೆ. ಬಂದು ತಗೊಂಡೋಗಿ.”

ಪ್ರಸನ್ನ ಎದ್ದು ಸ್ಟಾಫ್ ರೂಮಿನ ಹೊರಗೆ ಬಂದ. ತಂದರೆ, ತಾನು ಕೇಳಿಯೇ ಇರಲಿಲ್ಲವೆಂದು ಅಕ್ಕನಿಗೆ ಹೇಳಬೇಕಾಗುತ್ತದೆ.

“ಅವೆಲ್ಲ ಆಗ್ಲೇ ಹಾಕ್ಕೊಂಡಿದೀನಿ ಸಾಬ್ರೇ. ಬೇಡ, ಬಿಸಾಕಿ,” ಎಂದ.

ಆಮೇಲೆ ಕೆಲವು ದಿನ ಸಾಬರ ಅಂಗಡಿ ತಪ್ಪಿಸಿ, ರಸ್ತೆಯ ಎದುರು ಸಾಲಿನಲ್ಲೇ ನಡೆದು ಹೋಗುತ್ತಿದ್ದ.

ವರ್ಷದ ತಿಥಿಗೆ ನೆಂಟರು ಸೇರಿದ್ದರು. ಕಿರುಗಾವಲಿಗೆ ಕೊಟ್ಟಿದ್ದ ಅಕ್ಕನ ಮಗಳು ವೀಣ ಬಂದಿದ್ದಳು. ಊಟವಾಗಿ ಎಲ್ಲರೂ ಹಾಲಿನಲ್ಲಿ ಕೂತಿದ್ದಾಗ ಅಕ್ಕ ಫೋನು ಹಿಡಿದು ಬಂದಳು.

“ವೀಣ, ಬಾ ಇಲ್ಲಿ. ನೀನು ಒಟ್ಟೇಲಿದ್ದಾಗ ನಿಮ್ಮಪ್ಪ ಹಾಡಿದ್ದು ಕೇಳಿಸ್ತೀನಿ. ಇಷ್ಟು ದಿನ ಕೇಳಕ್ಕೆ ನಂಗೇ ಧೈರ್ಯ ಬರ್ನಿಲ್ಲ ಕಣಮ್ಮ.”

ಪ್ರಸನ್ನ ಎಲೆಯಡಿಕೆ ತಟ್ಟೆಯನ್ನು ಸುಮ್ಮನೆ ಮುಂದಕ್ಕೆ ಸರಿಸಿದ.

ಪಿಟೀಲು ಶುರುವಾಯಿತು, ಆಮೇಲೆ ಸಿನಿಮಾದ ಹಾಡು. ಒಂದು ಮುಗಿದು ಇನ್ನೊಂದು. “ಇರ್ರಿ, ಎರಡ್ನೇ ಸೈಡಲ್ಲಿ ಅದೆ,” ಎಂದು ಅಕ್ಕ ಎದ್ದು ಹೊರಟವರನ್ನು ಕೂರಿಸಿದಳು. ಹಾಡುಗಳೆಲ್ಲ ಮುಗಿದು ಸ್ಪೀಕರು ಸುಮ್ಮನಾಯಿತು. ಅಕ್ಕ ಇನ್ನೂ ಕಾಯುತ್ತಿದ್ದಳು.

“ಆ ಸೈಡು ಅಳಿಸಿ ಹೋಗಿತ್ತೇನೋ ಅಕ್ಕ. ಹಳೇ ಟೇಪಲ್ವಾ,” ಎಂದ ಪ್ರಸನ್ನ.

ಅಕ್ಕ ಇನ್ನೊಂದು ಹೆಸರು ಒತ್ತಿದಳು. ಸ್ವಲ್ಪ ಹೊತ್ತು ಕೇಳಿದಳು. “ಇದು ನಮ್ ಟೇಪಾ? ಈ ಹಾಡಲ್ಲಿ ಟೇಪು ಸಿಕ್ಕಾಕ್ಕಂಡು ಕಿತ್ತೋಗಿತ್ತು. ಅವರೇ ಅಂಟ್ಸಿದ್ರು. ಅಲ್ಲಿ ಒಂದು ಮಾತು ನುಂಗೋಗ್ತಿತ್ತು.”

ಎಲ್ಲರೂ ಅವನನ್ನೇ ನೋಡುತ್ತಿದ್ದರು.

“ಕೆಲವನ್ನ ನೆಟ್ಟಿಂದ ಹಾಕಿದೆ ಅಕ್ಕ. ಟೈಮ್ ಸಾಲ್ಲಿಲ್ಲ. ಒಳಗೆ ಭಾವನ ದನಿ ಇದೆ ಅಂತ ಗೊತ್ತಾಗ್ಲಿಲ್ಲ.”

ವೀಣ ಏನೋ ಹೇಳಹೊರಟಳು. ಅಕ್ಕ ತಡೆದಳು. “ಗೊತ್ತಿಲ್ದಂಗೆ ಆಗೋದ್ರೆ ಅವನೇನ್ ಮಾಡಾನು? ಬುಡು,” ಎಂದಳು. ಬೈದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಈ ಮಾತಿಗೆ ಅವನಿಗೆ ತಲೆಯೆತ್ತಲಾಗಲಿಲ್ಲ. ಆಗಲಾದರೂ ಪೂರ್ತಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

“ಕ್ಯಾಸೆಟ್ ಕೊಟ್ಟಿರೋದು ಮದ್ದೂರಲ್ಲಿ ತಾನೆ? ನಾಳೆ ನಾನೂ ಬತ್ತೀನಿ,” ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಮಳವಳ್ಳಿಯ ಬಸ್ ನಿಲ್ದಾಣದಲ್ಲಿ, ನೀರಿನ ಬಾಟಲಿ ತರುತ್ತೇನೆಂದು ಪಕ್ಕಕ್ಕೆ ಹೋಗಿ, ಪ್ರಸನ್ನ ಸಾಬರಿಗೆ ಎರಡು ಸಲ ಫೋನು ಮಾಡಿದ. ಆ ದಿನದ ಮಾತು ಎತ್ತಬೇಡಿ ಎಂದು ಕೇಳಿಕೊಳ್ಳುವುದಿತ್ತು. ಅವರು ಫೋನು ಎತ್ತಲಿಲ್ಲ. ಮದ್ದೂರು ಮುಟ್ಟುವವರೆಗೂ ಅಕ್ಕ ಯಾವ ಕ್ಯಾಸೆಟ್ಟಿನಲ್ಲಿ ಏನಿದೆ ಎಂದು ಹೇಳುತ್ತಲೇ ಇದ್ದಳು. ಅವನು ಹೂಂಗುಟ್ಟುತ್ತಿದ್ದ.

ಸಾಬರು ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕೂತಿದ್ದರು. “ಬನ್ನಿ ಮೇಷ್ಟ್ರೇ. ಎರಡು ಸಲ ಫೋನ್ ಮಾಡಿದ್ರಿ, ಗಾಡಿ ಮೇಲಿದ್ದೆ, ನೋಡ್ಲಿಲ್ಲ.”

ಅಕ್ಕ ತಮ್ಮನ ಕಡೆ ತಿರುಗಿ ನೋಡಿದಳು. ಆಮೇಲೆ ತಾನು ಯಾರೆಂದು, ಬಂದದ್ದು ಯಾಕೆಂದು ಸಾಬರಿಗೆ ಹೇಳಿದಳು.

“ಅಯ್ಯೋ ಅಮ್ಮಾ, ನಾನು ಅವಾಗ್ಲೇ ಮೇಷ್ಟ್ರಿಗೆ ಹೇಳಿದ್ನಲ್ಲ, ಒಬ್ರು ಹಾಡವ್ರೆ, ಮಗು ಮಗ್ಗಿ ಹೇಳ್ತದೆ, ಬಂದು ತಗೊಂಡೋಗಿ ಅಂತ. ಬೇಡ, ಬಿಸಾ...” ಎಂದವರು ಪ್ರಸನ್ನನ ಮುಖ ನೋಡಿ ಮಾತು ನಿಲ್ಲಿಸಿದರು.

ಆದರೆ ಮಾತು ಆಗಿಹೋಗಿತ್ತು. ಪ್ರಸನ್ನ ಮೇಜಿನ ಮೇಲೆ ಹರಡಿದ್ದ ಸ್ಕ್ರೂಗಳನ್ನು ನೋಡುತ್ತ ನಿಂತ. ನಲವತ್ತೆಂಟು ವರ್ಷದ ಮೇಷ್ಟ್ರು, ಹೋಂವರ್ಕು ಕದ್ದು ಬರೆದ ಹುಡುಗರನ್ನು ಕ್ಲಾಸಿನಲ್ಲಿ ನಿಲ್ಲಿಸಿ ಬುದ್ಧಿ ಹೇಳುವವನು. ಅಕ್ಕ ಈಗ ಅವನ ಕಡೆ ನೋಡಲಿಲ್ಲ.

“ಎಲ್ಲಾನೂ ಬಿಸಾಕ್ಬುಟ್ರಾ?” ಎಂದು ಸಾಬರನ್ನು ಕೇಳಿದಳು.

“ಜಾಗ ಇರ್ಲಿಲ್ಲಮ್ಮ, ಗುಜರಿಗೆ ಹಾಕ್ದೆ. ನಾಲ್ಕು ಮಾತ್ರ ಇಟ್ಕೊಂಡಿದೀನಿ. ಯಾಕೋ ಮನಸ್ಸಾಗ್ಲಿಲ್ಲ.”

ಭಾವ ಹಾಡಿದ ಕ್ಯಾಸೆಟ್ಟು ಆ ನಾಲ್ಕರಲ್ಲಿ ಇರಲಿಲ್ಲ. ಸಾಬರು ಒಂದನ್ನು ಡೆಕ್ಕಿಗೆ ಹಾಕಿದರು. ಒಂದು ಸಿನಿಮಾ ಹಾಡು ನಡುವೆ ಕತ್ತರಿಸಿದಂತೆ ನಿಂತು, ಭಾವನ ದನಿ ಬಂತು.

“ಯಶೋದಾ, ಏನಾರ ಮಾತಾಡೇ. ಟೇಪು ಓಡ್ತಾ ಅದೆ.”

“ಓಗ್ರಿ ಅತ್ಲಾಗೆ, ಆಲು ಉಕ್ತದೆ,” ಎಂದಿತು ಹೆಣ್ಣು ದನಿ. ಎಳೆಯ ದನಿ. ಅದರ ಹಿಂದೆ ಪಾತ್ರೆಯ ಸದ್ದು, ಭಾವನ ನಗು. ಆಮೇಲೆ ಸಿನಿಮಾ ಹಾಡು ಅರ್ಧದಿಂದ ಮತ್ತೆ ಶುರುವಾಯಿತು.

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಲೇ ಅತ್ತಳು. ಸಾಬರು ಎದ್ದು ಹೊರಗೆ ಹೋಗಿ ನಿಂತರು.

ನಾಲ್ಕನ್ನೂ ಕಾಪಿ ಮಾಡಿಕೊಡಲು ಸಾಬರಿಗೇ ಬಿಟ್ಟು ಅಕ್ಕ ಎದ್ದಳು. ಪ್ರಸನ್ನ ಹಿಂದೆಯೇ ಬಸ್ ನಿಲ್ದಾಣಕ್ಕೆ ನಡೆದ.

“ಆಯ್ತಾ ಇಲ್ಲ ಅಕ್ಕ ಅಂತ ಒಂದ್ ಮಾತು ಅಂದಿದ್ರೆ ನಾನೇನು ನಿನ್ನ ಒಡೀತಿದ್ನಾ?” ಎಂದಳು, ಮುಂದೆ ನೋಡುತ್ತಲೇ.

“ಅವರು ಫೋನ್ ಮಾಡಿದಾಗ್ಲೇ ಹೇಳ್ಬೇಕಿತ್ತು. ನಾಚಿಕೆ ಆಯ್ತು ಅಕ್ಕ.”

“ನಿನ್ ನಾಚ್ಕೆಗೆ ನನ್ ಗಂಡನ್ ದನಿ ಓಯ್ತಲ್ಲೋ.”

ಮಳವಳ್ಳಿ ಬಸ್ಸು ಬಂತು. ಹತ್ತಿಸಲು ಕೈ ಚಾಚಿದ. ಅವಳು ಕಂಬಿ ಹಿಡಿದು ಹತ್ತಿದಳು.

ಎರಡು ವಾರದ ಮೇಲೆ, ಸಾಬರು ಮಾಡಿಕೊಟ್ಟ ಕಾಪಿಗಳನ್ನು ತೆಗೆದುಕೊಂಡು ಪ್ರಸನ್ನ ಮಳವಳ್ಳಿಗೆ ಹೋದ. ಹೋಗುವ ಮುಂಚೆ ವೀಣಳಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ತಾನೇ ಹೇಳಿದ್ದ. ಅವಳು ಪೂರ್ತಿ ಕೇಳಿ ಫೋನಿಟ್ಟಿದ್ದಳು.

ಅಕ್ಕ ಅವನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ನಾಲ್ಕು ಕ್ಯಾಸೆಟ್ಟುಗಳನ್ನು ಅವುಗಳ ಹೆಸರಿನಲ್ಲೇ ಡಬ್ಬಕ್ಕೆ ಹಾಕಿದ. ಆಮೇಲೆ ಯಾವುದು ನಿಜ, ಯಾವುದು ನೆಟ್ಟಿನದು ಎಂದು ಒಂದೊಂದೇ ಓದಿ ಹೇಳುತ್ತ ಹೋದ. ನೂರ ನಲವತ್ತರ ಹತ್ತಿರ ಹೆಸರುಗಳಿಗೆ “ನೆಟ್ಟಿನದು” ಎಂದೇ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಅವಳು ಅವಸರ ಮಾಡಲಿಲ್ಲ, ಸಾಕು ಎನ್ನಲೂ ಇಲ್ಲ.

“ತೆಗೆದುಬಿಡ್ಲಾ ಅಕ್ಕ?”

“ಒಳಗಿರೋ ಹಾಡು ತೆಗಿ. ಎಸ್ರು ಇರ್ಲಿ, ಅವರು ಬರ್ದಿದ್ದು.”

ಖಾಲಿ ಮಾಡಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹೊರಡುತ್ತೇನೆಂದು ಎದ್ದ. ಅಕ್ಕ ಒಳಗೆ ಹೋಗಿ ತಟ್ಟೆ ತಂದು ಅವನ ಮುಂದಿಟ್ಟಳು, ಮುದ್ದೆ ಹಾಕಿ ಸಾರು ಬಿಟ್ಟಳು. ಅವನು ತಲೆ ಬಗ್ಗಿಸಿ ಉಂಡ.

“ಇನ್ನೊಂದು ಸೌಟು ಬಿಡ್ಲಾ?” ಎಂದಳು.