ಮುಂದಿನ ಬೆಂಚಿನ ಹುಡುಗಿ

ಮಗಳು ಒಂದನೇ ತರಗತಿಗೆ ಸೇರಿದ ದಿನ ಅವಳಿಗೆ ಮಾತು ಕೊಟ್ಟಿದ್ದೆ: ನೀನು ಕರೆಯದೆ ನಿನ್ನ ಜಗಳದಲ್ಲಿ ಬಾಯಿ ಹಾಕುವುದಿಲ್ಲ. ಈಗ ಅವಳು ನಾಲ್ಕನೇ ತರಗತಿ.

ನಾನು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಅದಕ್ಕೇ ಸಹಪಾಠಿಯೊಬ್ಬಳು ಮಗಳನ್ನು 'ಕೊಳೆಗಂಟು' ಎಂದು ಕರೆದು, ಇವಳ ಬ್ಯಾಗನ್ನು ಕಸದ ಬುಟ್ಟಿಗೆ ಹಾಕುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಅದೇ ಹುಡುಗಿ ತನ್ನಮ್ಮನ ಜೊತೆ ನಮ್ಮ ಮುಂದಿನ ಬೆಂಚಿನಲ್ಲಿ ಕುಳಿತಿದ್ದಳು. ವಾರವಿಡೀ ಎರಡೆರಡು ಪಾಳಿ ದುಡಿದು ನನ್ನ ಸೊಂಟ ಬಿದ್ದುಹೋಗಿತ್ತು. ಪ್ರಾರ್ಥನೆ ಬಿಟ್ಟು, ಆ ತಾಯಿಗೆ ಹೇಳಬೇಕಾದ ಮಾತುಗಳನ್ನು ಮಸೆಯುತ್ತಿದ್ದೆ.

ಆರಾಧನೆಯ ನಡುವೆ, ಒಬ್ಬರಿಗೊಬ್ಬರು 'ಸಮಾಧಾನ' ಎಂದು ಶಾಂತಿ ಕೋರಿ ಎಂದರು ಪಾದ್ರಿ. ಎಲ್ಲರೂ ಕೈ ಕುಲುಕತೊಡಗಿದರು. ಮುಂದಿದ್ದ ಹುಡುಗಿ ತಿರುಗಿ, ಮಗಳನ್ನು ಕಂಡು ಕೈ ಎಳೆದುಕೊಂಡಳು.

"ಅಯ್ಯೋ, ಕೊಳೆಗಂಟು!"

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ನನ್ನ ಮೊಣಕೈ ಅದುಮಿದಳು. "ಬೇಡಮ್ಮ." ಅವಳ ಕಿವಿ ಕೆಂಪಾಗಿತ್ತು. ಆದರೂ ತಾನೇ ಕೈ ಚಾಚಿದಳು.

"ಸಮಾಧಾನ ಕಣೇ. ಕೈ ತೊಳ್ಕೊಂಡೇ ಬಂದಿದೀನಿ, ಹೆದರ್ಬೇಡ. ಆದ್ರೆ ಬ್ಯಾಗಿನ ವಿಷಯ ನಾಳೆ ಟೀಚರಿಗೆ ಹೇಳೇ ಹೇಳ್ತೀನಿ."

ಆ ಹುಡುಗಿ ಬೆರಳ ತುದಿ ತಾಗಿಸಿ ತಿರುಗಿಕೊಂಡಳು.

ದಾರಿಯಲ್ಲಿ ಮಗಳು ಕೇಳಿದಳು, "ಕ್ಷಮಿಸಿದ ಮೇಲೆ ಟೀಚರಿಗೆ ಹೇಳಿದ್ರೆ ತಪ್ಪಾ ಅಮ್ಮಾ?"

"ತಪ್ಪಲ್ಲ ಪುಟ್ಟಿ. ಯೇಸುಸ್ವಾಮಿ ಕ್ಷಮಿಸು ಅಂದ್ರು, ತುಳಿಸ್ಕೊಂಡು ಬಿದ್ದಿರು ಅನ್ಲಿಲ್ಲ."

"ಹಾಗಾದ್ರೆ ನೀನೂ ಬಾ. ಒಬ್ಳಿಗೇ ಭಯ. ಆದ್ರೆ ಮಾತಾಡ್ಬೇಡ, ಪಕ್ಕದಲ್ಲಿ ನಿಂತ್ಕೋ ಸಾಕು."

ಸೋಮವಾರ ಬೆಳಗಿನ ಪಾಳಿ ಬಿಟ್ಟು ಹೋದೆ. ಟೀಚರ ಮುಂದೆ ಎಲ್ಲವನ್ನೂ ಅವಳೇ ಹೇಳಿದಳು. ನಾನು ಪಕ್ಕದಲ್ಲಿ ನಿಂತಿದ್ದೆ, ಬಾಯಿ ಹಾಕಲಿಲ್ಲ. ಕೊಟ್ಟ ಮಾತು ಉಳಿಯಿತು.