ಲೀಕ್ ಗಿಡದ ಕೊರಳಲ್ಲಿ ಪಾಲಿಸಿ

ಕಾರು ರಿಪೇರಿಯಾಗಿ ಮನೆಗೆ ಬಂತು. ಸೆಪ್ ಹೆಸ್ಲಪ್‌ನ ಭುಜ ಮಾತ್ರ ರಿಪೇರಿಯಾಗಲಿಲ್ಲ.

ಗ್ಯಾರೇಜಿನವರು ಎಡಗಡೆಯ ಎರಡೂ ಬಾಗಿಲು ಬದಲಿಸಿ, ಬಣ್ಣ ಹೊಡೆದು, ಒಳಗೆಲ್ಲ ಗುಡಿಸಿ ಕಳುಹಿಸಿದ್ದರು. ಅಪಘಾತದ ದಿನ ಅದೇ ಎಡಗಡೆಯ ಸೀಟಿನಲ್ಲಿ ಕೂತಿದ್ದ ಸೆಪ್ ಐದು ವಾರವಾದರೂ ಎಡಗೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಲಾರ. ಅವನು ಎಡಚ ಬೇರೆ. ಬೆಳಗ್ಗೆ ಎದ್ದು ಅವನ ಅಂಗಿಯ ಗುಂಡಿ ಹಾಕುವುದು ಈಗ ಹೆಂಡತಿ ಆಡ್ರಿಯ ಕೆಲಸವಾಗಿತ್ತು.

ಡಾಕ್ಟರು ನೋಡಿ, ‘ಫಿಸಿಯೋಥೆರಪಿ ಬೇಕು. ಬೇಗ ಶುರುವಾಗದಿದ್ದರೆ ಕೀಲು ಬಿಗಿದುಕೊಂಡುಬಿಡುತ್ತದೆ’ ಎಂದರು. ಆಮೇಲೆ ಸರ್ಕಾರಿ ಆಸ್ಪತ್ರೆಯ ಸರತಿ ಪಟ್ಟಿ ನೋಡಿ ಹದಿನೆಂಟು ವಾರ ಕಾಯಬೇಕು ಎಂದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಆಡ್ರಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಹದಿನೆಂಟು ವಾರ ಕಳೆಯುವಷ್ಟರಲ್ಲಿ ಅಕ್ಟೋಬರ್ ಬರುತ್ತದೆ. ಸೆಪ್ಟೆಂಬರಿನ ಎರಡನೆಯ ಶನಿವಾರ ಊರ ಕ್ಲಬ್ಬಿನಲ್ಲಿ ಲೀಕ್ ಪ್ರದರ್ಶನ. ಈರುಳ್ಳಿಗೆ ದೊಡ್ಡಣ್ಣನಂತಿರುವ ಆ ಗಿಡವನ್ನು ತೋಳಿನಷ್ಟು ದಪ್ಪ ಬೆಳೆಸಿ, ಅಳೆದು, ತೂಗಿ, ಜಗಳವಾಡುವುದರಲ್ಲೇ ಇಲ್ಲಿಯವರಿಗೆ ಬೇಸಿಗೆ ಕಳೆಯುತ್ತದೆ. ಬಡಗಿ ಕೆಲಸದಿಂದ ನಿವೃತ್ತನಾದ ಮೇಲೆ ಸೆಪ್‌ನ ಜೀವವೆಲ್ಲ ಊರಾಚೆಯ ಬಾಡಿಗೆ ತೋಟದ ಆ ಮೂರು ಸಾಲು ಲೀಕ್‌ನಲ್ಲಿತ್ತು. ಈಗ ನೀರಿನ ಕೊಡವನ್ನೂ ಎತ್ತಲಾರದೆ, ತೋಟದ ಮರದ ಶೆಡ್ಡಿನಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತಿರುತ್ತಿದ್ದ.

‘ನಮ್ಮ ತಪ್ಪೇ ಇರ್ಲಿಲ್ಲ. ಇನ್ಶೂರೆನ್ಸ್‌ನೋರು ಕಾರಿಗೆ ಕೊಟ್ಟಂಗೆ ನಿನ್ನ ಕೈಗೂ ಏನಾದ್ರೂ ಕೊಡ್ತಾರೇನೋ ಕೇಳಣ’ ಎಂದಳು ಆಡ್ರಿ.

‘ಫುಲ್ ಇನ್ಶೂರೆನ್ಸ್ ಕಣೇ ನಮ್ದು. ಕೊಡೋ ಹಂಗಿದ್ರೆ ಕೊಟ್ಟಿರ್ತಿದ್ರು. ಸುಮ್ನೆ ಬಿಡು.’

ಆಡ್ರಿ ಬಿಡಲಿಲ್ಲ. ಮಂಗಳವಾರ ಲೈಬ್ರರಿಗೆ ಹೋದಳು. ಅಲ್ಲಿ ವಾರಕ್ಕೊಂದು ಬೆಳಗ್ಗೆ ಬೆರಿಲ್ ಡಾಡ್ಸ್ ಮೇಜು ಹಾಕಿಕೊಂಡು ಕೂರುತ್ತಾಳೆ. ಮೂವತ್ತು ವರ್ಷ ವಿಮಾ ಕಂಪನಿಯೊಂದರಲ್ಲಿ ಪರಿಹಾರದ ಅರ್ಜಿಗಳನ್ನು ನೋಡಿದವಳು. ಈಗ ಅರ್ಥವಾಗದ ಕಾಗದ ಹಿಡಿದು ಬಂದವರಿಗೆ ಬಿಟ್ಟಿ ಸಲಹೆ, ಜೊತೆಗೆ ಟೀ.

ಆಡ್ರಿ ನಡೆದದ್ದನ್ನೆಲ್ಲ ಹೇಳಿದಳು. ಮುಖ್ಯರಸ್ತೆಯಲ್ಲಿ ತಾವು ನೇರ ಹೋಗುತ್ತಿದ್ದದ್ದು, ಎಡಗಡೆಯ ಅಡ್ಡರಸ್ತೆಯಿಂದ ಕ್ಲಬ್ಬಿನ ಥೋರಾ ಚಾರ್ಲ್ಟನ್ ನಿಲ್ಲಿಸದೆ ಕಾರು ನುಗ್ಗಿಸಿದ್ದು, ಇಳಿದು ಬಂದು ‘ಅಯ್ಯೋ, ನಾನು ನೋಡ್ಲೇ ಇಲ್ಲ’ ಎಂದು ಅತ್ತದ್ದು. ಫೋನಿನಲ್ಲಿ ತೆಗೆದ ನಾಲ್ಕು ಫೋಟೋಗಳನ್ನೂ ತೋರಿಸಿದಳು.

‘ಫೋಟೋ ತೆಗ್ದಿದ್ದು ಭೇಷ್’ ಎಂದಳು ಬೆರಿಲ್. ‘ನೋಡು ಆಡ್ರಿ, ಫುಲ್ ಇನ್ಶೂರೆನ್ಸ್ ಅಂದ್ರೆ ಕಾರಿಗೆ ಫುಲ್. ಕಾರಲ್ಲಿ ಕೂತೋನಿಗಲ್ಲ. ಜೀವ ಹೋದ್ರೆ, ಕೈಕಾಲು ಹೋದ್ರೆ ಏನೋ ಒಂದಿಷ್ಟು ಕೊಡ್ತಾರೆ. ಆದ್ರೆ ಭುಜದ ಚಿಕಿತ್ಸೆ, ಒಡೆದ ಕನ್ನಡಕ, ಓಡಾಡಿದ ಟ್ಯಾಕ್ಸಿ ಇದ್ಯಾವ್ದೂ ಅದ್ರಲ್ಲಿ ಬರಲ್ಲ. ರಿಪೇರಿಯಲ್ಲೂ ಮೊದಲ ಪಾಲು ನೀವೇ ಕಟ್ಟಿದ್ರಲ್ಲ, ಎಷ್ಟು?’

‘ಮುನ್ನೂರೈವತ್ತು ಪೌಂಡ್.’

‘ಅದೂ ವಾಪಸ್ ಬರಬೇಕಾದ್ದೇ. ತಪ್ಪು ಮಾಡಿದವರ ವಿಮಾ ಕಂಪನಿ ಕೊಡಬೇಕು. ಆದ್ರೆ ಅವರು ತಾವಾಗೇ ಮನೆ ಬಾಗಿಲಿಗೆ ತಂದು ಕೊಡ್ತಾರಾ? ಕೇಳಬೇಕು. ಕೇಳೋಕೆ ವಕೀಲರು ಬೇಕು. ಆ ವಕೀಲರ ಖರ್ಚಿಗೆ ಅಂತ್ಲೇ ಪಾಲಿಸಿ ಜೊತೆ ಬೇರೆ ಒಂದು ರಕ್ಷಣೆ ಮಾರ್ತಾರೆ. ಬೇಕಾದ್ರೆ ತಗೋ, ಬೇಡಾಂದ್ರೆ ಬಿಡು ಅನ್ನೋ ಥರದ್ದು. ಕಾನೂನು ರಕ್ಷಣೆ ಅಂತಾರೆ. ನೀನು ತಗೊಂಡಿದೀಯಾ?’

‘ನನಗೇನು ಗೊತ್ತು?’

‘ನಿನ್ನ ಪಾಲಿಸಿ ನಿನಗೆ ಗೊತ್ತಿಲ್ಲ, ನನಗೆ ಗೊತ್ತಿರುತ್ತಾ? ಹೋಗಿ ನೋಡು ಮಾರಾಯ್ತಿ. ವಿವರದ ಪಟ್ಟಿ ಅಂತ ಒಂದು ಹಾಳೆ ಇರುತ್ತೆ. ನೀವು ಏನೇನು ಕೊಂಡಿದೀರಿ ಅಂತ ಅದ್ರಲ್ಲಿ ಬರೆದಿರುತ್ತೆ.’

ಆಡ್ರಿ ನೆನಪಿಸಿಕೊಳ್ಳಲು ನೋಡಿದಳು. ನವೆಂಬರಿನಲ್ಲಿ ಪಾಲಿಸಿ ನವೀಕರಿಸುವಾಗ ಫೋನಿನಲ್ಲಿದ್ದ ಹುಡುಗಿ ಒಂದರ ಹಿಂದೊಂದು ಪ್ರಶ್ನೆ ಕೇಳಿದ್ದಳು. ಬೀಗದ ಕೈ ಕಳೆದರೆ? ದಾರಿಯಲ್ಲಿ ಕೆಟ್ಟು ನಿಂತರೆ? ಕಾನೂನು ರಕ್ಷಣೆ? ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಹಿಂದಿನಿಂದ ಸೆಪ್ ಕೂಗಿದ್ದ: ‘ಬೇಡ ಅನ್ನು! ವಕೀಲರ ಹೊಟ್ಟೆ ತುಂಬ್ಸೋಕೆ ನಾವೇ ಸಿಕ್ಕಿದ್ವಾ?’ ತಾನು ಏನಂದೆ ಎಂಬುದೇ ಅವಳಿಗೆ ನೆನಪಿರಲಿಲ್ಲ.

ಮನೆಗೆ ಬಂದು ಡ್ರಾಯರ್ ತೆಗೆದಳು. ಪಾಲಿಸಿಯ ಲಕೋಟೆ ಇತ್ತು, ಒಳಗೆ ಏನೂ ಇರಲಿಲ್ಲ. ಲಕೋಟೆ ಹಿಡಿದುಕೊಂಡೇ ತೋಟಕ್ಕೆ ನಡೆದಳು. ಲೈಬ್ರರಿ ಮುಗಿಸಿ ಬರುತ್ತಿದ್ದ ಬೆರಿಲ್ ದಾರಿಯಲ್ಲಿ ಜೊತೆಯಾದಳು.

‘ಇದರೊಳಗಿದ್ದ ಕಾಗದ ಎಲ್ಲಿ ಸೆಪ್?’

ಸೆಪ್ ಬಕೆಟ್ ಮೇಲಿಂದಲೇ ಲಕೋಟೆ ನೋಡಿದ. ‘ಅದಾ? ಒಳ್ಳೇ ದಪ್ಪ ಕಾಗದ. ಲೀಕ್‌ಗೆ ಸುತ್ತಿದೀನಿ.’

ಲೀಕ್‌ನ ಕಾಂಡ ಬೆಳ್ಳಗೆ, ಉದ್ದಕ್ಕೆ ಬರಬೇಕೆಂದರೆ ಬಿಸಿಲು ತಾಗದಂತೆ ಕೊರಳಪಟ್ಟಿ ಕಟ್ಟಬೇಕು. ಒಳಗೆ ಕಾಗದ, ಹೊರಗೆ ಪ್ಲಾಸ್ಟಿಕ್. ಸಾಲಿನ ಒಂದೊಂದು ಗಿಡವೂ ಪಟ್ಟಿ ಕಟ್ಟಿಕೊಂಡು ಶಾಲೆಯ ಮಕ್ಕಳಂತೆ ನೆಟ್ಟಗೆ ನಿಂತಿತ್ತು.

ಬೆರಿಲ್‌ಗೆ ನಗು ತಡೆಯಲಾಗಲಿಲ್ಲ. ‘ಒಂದು ಫೋನ್ ಮಾಡಿದ್ರೆ ಕಂಪನಿಯೋರು ಇನ್ನೊಂದು ಪ್ರತಿ ಕಳಿಸ್ತಾರೆ ಕಣೇ’ ಎಂದಳು.

ಆಡ್ರಿ ಆಗಲೇ ಮಂಡಿಯೂರಿಯಾಗಿತ್ತು.

‘ಲೇ ಲೇ, ಮಧ್ಯದ್ದನ್ನ ಮುಟ್ಟಬೇಡ! ಅದು ಈ ವರ್ಷದ ರಾಜ!’

‘ರಾಜನ ಬಟ್ಟೆ ಬಿಚ್ಚಲ್ಲ, ಸುಮ್ನಿರು.’

ಮೊದಲನೆಯ ಗಿಡದಲ್ಲಿ ಕಾರಿನ ಕಿಟಕಿ ಗಾಜಿನ ನಿಯಮಗಳಿದ್ದವು. ಎರಡನೆಯದರಲ್ಲಿ ಕಳ್ಳತನ. ನಾಲ್ಕನೆಯದರ ಪ್ಲಾಸ್ಟಿಕ್ ಬಿಚ್ಚಿದಾಗ ಮಣ್ಣು ಮೆತ್ತಿದ, ಒಂದು ಮೂಲೆ ಹಸಿರಾದ ವಿವರದ ಪಟ್ಟಿ ಸಿಕ್ಕಿತು. ಆಡ್ರಿ ಹೆಬ್ಬೆರಳಲ್ಲಿ ಮಣ್ಣು ಒರೆಸಿ ಓದಿದಳು: ‘ಕಾನೂನು ರಕ್ಷಣೆ: ಪಡೆದಿದ್ದೀರಿ. ಇಪ್ಪತ್ತೇಳು ಪೌಂಡ್.’

‘ನಾನು ಬೇಡ ಅಂದಿದ್ನಲ್ಲ!’ ಎಂದ ಸೆಪ್.

‘ನೀನು ಬೇಡ ಅಂದೆ. ಅವತ್ತು ನನ್ನ ಹೊಸ ಟವಲಲ್ಲಿ ಗುದ್ದಲಿ ಒರೆಸಿದ್ದೆ ನೋಡು, ಆ ಸಿಟ್ಟಿಗೆ ನಾನು ಹೂಂ ಅಂದಿರ್ಬೇಕು.’

‘ಮುಗೀತಲ್ಲ’ ಎಂದಳು ಬೆರಿಲ್. ‘ಇವತ್ತೇ ಇದರಲ್ಲಿರೋ ಸಹಾಯವಾಣಿಗೆ ಫೋನ್ ಮಾಡು. ಬೇರೆ ವಕೀಲರ ಹತ್ರ ಮೊದಲೇ ಹೋಗಿ ಆಮೇಲೆ ಬಿಲ್ ಕಳಿಸಿದ್ರೆ ಕೊಡಲ್ಲ. ತಡ ಮಾಡಿದ್ರೂ ಕಷ್ಟ, ಇಷ್ಟು ದಿನದೊಳಗೆ ತಿಳಿಸಬೇಕು ಅಂತ ಹಾಕಿರ್ತಾರೆ. ಅವರು ಕೇಸ್ ನೋಡಿ, ಗೆಲ್ಲೋ ಸಂಭವ ಅರ್ಧಕ್ಕಿಂತ ಹೆಚ್ಚಿದೆಯಾ ಅಂತ ತೂಗ್ತಾರೆ. ಇದ್ರೆ ಮಾತ್ರ ಮುಂದೆ ಹೋಗ್ತಾರೆ. ನಿಮ್ಮದು ಅಡ್ಡರಸ್ತೆ ಕೇಸು, ಫೋಟೋ ಇದೆ. ಗಟ್ಟಿಯಾಗಿದೆ.’

ಸೆಪ್ ಬಲಗೈಯಲ್ಲಿ ಎಡ ಮೊಣಕೈಯನ್ನು ಎತ್ತಿ ಹಿಡಿದುಕೊಂಡು ಎದ್ದು ನಿಂತ. ಮುಖ ಕೆಂಪಾಗಿತ್ತು.

‘ಫೋನ್ ಗೀನ್ ಏನೂ ಬೇಡ. ಕೋರ್ಟ್ ಮೆಟ್ಟಿಲು ಹತ್ತಿದೋರು ನಮ್ಮ ಮನೇಲಿ ಒಬ್ರೂ ಇಲ್ಲ. ಅದೂ ಥೋರಾ ಮೇಲೆ! ಇಪ್ಪತ್ತು ವರ್ಷದಿಂದ ಕ್ಲಬ್ಬಲ್ಲಿ ಟೇಪು ಹಿಡಿದು ನನ್ನ ಲೀಕ್ ಅಳೀತಿರೋರು ಅವರೇ. ನಾನು ಕೇಸ್ ಹಾಕಿ ಸೆಪ್ಟೆಂಬರಲ್ಲಿ ಗೆದ್ದೆ ಅನ್ನು, ಹೆದರಿಕೊಂಡು ಬಹುಮಾನ ಕೊಟ್ರು ಅಂತಾರೆ. ಸೋತೆ ಅನ್ನು, ಸೇಡು ತೀರಿಸ್ಕೊಂಡ್ರು ಅಂತಾರೆ. ಆಮೇಲೆ ಯಾವ ಮುಖ ಇಟ್ಕೊಂಡು ಕ್ಲಬ್ಬಿಗೆ ಹೋಗ್ಲಿ?’

ಗಂಡ ಐದು ವಾರದಿಂದ ಕ್ಲಬ್ಬಿಗೆ ಹೋಗದಿರುವುದು ಯಾಕೆಂದು ಆಡ್ರಿಗೆ ಆಗ ಗೊತ್ತಾಯಿತು. ಭುಜದ ನೋವಿಗಲ್ಲ, ಥೋರಾರ ಎದುರು ಆ ಭುಜ ಕಾಣಿಸಬಾರದೆಂದು.

‘ಯಾವ ಕೋರ್ಟು ಮಹರಾಯ?’ ಎಂದಳು ಬೆರಿಲ್. ‘ಮೂವತ್ತು ವರ್ಷದಲ್ಲಿ ನಾನು ನೋಡಿದ ಇಂಥ ಅರ್ಜಿಗಳಲ್ಲಿ ಕೋರ್ಟಿಗೆ ಹೋಗಿದ್ದು ಬೆರಳೆಣಿಕೆ. ವಕೀಲರು ಕಾಗದ ಬರೀತಾರೆ, ಆ ಕಡೆ ಕಂಪನಿ ಉತ್ತರ ಬರೆಯುತ್ತೆ. ಥೋರಾ ಪರ್ಸಿಂದ ಒಂದು ಪೈಸೆ ಹೋಗಲ್ಲ. ನಿಮ್ಮ ಕಂಪನಿ ಕಟ್ಟಿದ ಕಾರಿನ ರಿಪೇರಿ ದುಡ್ಡು ಅವರ ಕಂಪನಿ ಲೆಕ್ಕಕ್ಕೆ ಆಗಲೇ ಹೋಗಿದೆ. ಅವರ ಮುಂದಿನ ಕಂತು ಏರೋದಾದ್ರೆ ಅದಕ್ಕೇ ಏರುತ್ತೆ.’

‘ಬೇಡ ಅಂದ್ರೆ ಬೇಡ.’

‘ಸೆಪ್, ನಿನ್ನ ಗುಂಡಿ ನಾನು ಸಾಯೋವರೆಗೂ ಹಾಕ್ತೀನಿ’ ಎಂದಳು ಆಡ್ರಿ. ‘ಆದ್ರೆ ಕೈ ಸರಿಹೋಗೋ ದಾರಿ ಎದುರಿಗಿರುವಾಗ, ಜನ ಏನಂತಾರೋ ಅಂತ ಬಿಗಿದುಕೊಳ್ಳೋಕೆ ಬಿಡ್ತೀಯಲ್ಲ, ಅದನ್ನ ನಾನು ನೋಡಲ್ಲ.’

ಆಡ್ರಿ ವಿವರದ ಪಟ್ಟಿಯನ್ನು ಮಡಚಿಕೊಂಡು ನೇರ ಕ್ಲಬ್ಬಿಗೆ ಹೋದಳು. ಅರ್ಧ ಗಂಟೆಯಲ್ಲಿ ವಾಪಸ್ ಬಂದಾಗ ಜೊತೆಗೆ ಥೋರಾ ಚಾರ್ಲ್ಟನ್ ಇದ್ದರು. ಎಪ್ಪತ್ತನಾಲ್ಕು ವರ್ಷ, ಕೋಲು ಊರಿ ನಡೆದರೂ ಗತ್ತು ಕುಂದದ ಹೆಂಗಸು.

‘ಸೆಪ್ ಹೆಸ್ಲಪ್! ಐದು ವಾರದಿಂದ ನನ್ನ ಕಂಡ್ರೆ ರಸ್ತೆ ದಾಟಿ ಹೋಗ್ತಿದೀಯಲ್ಲ, ಇವನಿಗೆ ನನ್ನ ಮೇಲೆ ಸಿಟ್ಟು ಅಂತ ನಾನು ನಿದ್ದೆ ಕೆಡಿಸ್ಕೊಂಡಿದೀನಿ. ಕೈ ತೋರ್ಸು.’

‘ಏನಿಲ್ಲ ಥೋರಾ, ಸ್ವಲ್ಪ ಉಳುಕು...’

‘ಎತ್ತು.’

ಸೆಪ್ ಎತ್ತಿದ. ಎದೆಯವರೆಗೆ ಬಂದು ಕೈ ನಿಂತಿತು. ಥೋರಾ ಅದನ್ನೇ ಒಂದು ಕ್ಷಣ ನೋಡಿದರು.

‘ನಲವತ್ತು ವರ್ಷದಿಂದ ಇನ್ಶೂರೆನ್ಸ್ ಕಟ್ತಿದೀನಿ’ ಎಂದರು, ದನಿ ತಗ್ಗಿಸಿ. ‘ಯಾತಕ್ಕೆ ಅಂದ್ಕೊಂಡಿದೀಯ? ಯಾವತ್ತಾದ್ರೂ ನನ್ನಿಂದ ಒಬ್ಬರಿಗೆ ಪೆಟ್ಟಾದ್ರೆ ಅವರಿಗೆ ಸರಿಹೋಗ್ಲಿ ಅಂತ. ನೀನು ಕೇಳದೇ ಹೋದ್ರೆ ನಾನು ಕಟ್ಟಿದ್ದೆಲ್ಲ ದಂಡ. ನನ್ನ ತಪ್ಪು ತಿದ್ಕೊಳ್ಳೋಕೆ ನನಗಿರೋದು ಅದೊಂದೇ ದಾರಿ, ಅದನ್ನೂ ಮುಚ್ಚಿಬಿಡ್ತೀಯಾ?’

ಸೆಪ್ ನೆಲ ನೋಡಿದ. ‘ಮತ್ತೆ ಲೀಕ್ ಅಳತೆ?’

‘ಈ ವರ್ಷ ಪಕ್ಕದೂರಿಂದ ಬಂದು ಅಳೀತಾರೆ. ಅಪಘಾತ ಆದ ವಾರವೇ ಕಮಿಟಿಗೆ ಹೇಳಿದೀನಿ. ಕ್ಲಬ್ಬಿಗೆ ಬಂದಿದ್ರೆ ನಿನಗೂ ಗೊತ್ತಾಗ್ತಿತ್ತು, ಪೆದ್ದ.’

ಬೆರಿಲ್ ತನ್ನ ಫೋನನ್ನು ಸೆಪ್‌ನ ಬಲಗೈಯಲ್ಲಿಟ್ಟಳು. ಮಣ್ಣಾದ ಹಾಳೆಯಿಂದ ಆಡ್ರಿ ಒಂದೊಂದೇ ಅಂಕಿ ಓದಿ ಹೇಳಿದಳು.

ವಕೀಲರು ಕೇಸು ಒಪ್ಪಿಕೊಂಡರು. ಥೋರಾರ ಕಂಪನಿ ತಪ್ಪು ತಮ್ಮ ಕಡೆಯದೆಂದು ಒಪ್ಪಿ, ಜುಲೈ ಎರಡನೆಯ ವಾರದಲ್ಲಿ ಫಿಸಿಯೋಥೆರಪಿಗೆ ವ್ಯವಸ್ಥೆ ಮಾಡಿತು. ಮುನ್ನೂರೈವತ್ತು ಪೌಂಡೂ ಕನ್ನಡಕದ ಬೆಲೆಯೂ ಸ್ವಲ್ಪ ತಡವಾಗಿ ಬಂದವು. ಭುಜದ ಪರಿಹಾರದ ಪತ್ರವ್ಯವಹಾರ ಇನ್ನೂ ನಡೆದಿದೆ. ಸೆಪ್ ಕೋರ್ಟಿನ ಮುಖ ನೋಡಿಲ್ಲ. ಆಗಸ್ಟಿನ ಒಂದು ಬೆಳಗ್ಗೆ ಆಡ್ರಿ ಗುಂಡಿ ಹಾಕಲು ಹೋದಾಗ ಅಂಗಿ ಆಗಲೇ ಕುತ್ತಿಗೆವರೆಗೂ ಮುಚ್ಚಿತ್ತು. ಒಂದು ಗುಂಡಿ ತಪ್ಪಿತ್ತು. ಅವಳು ಅದನ್ನು ಸರಿಮಾಡಲಿಲ್ಲ.

ಓದುತ್ತಿರುವ ನಿಮ್ಮಲ್ಲೊಂದು ಮಾತು. ಕಾನೂನು ರಕ್ಷಣೆಯನ್ನು ಎಲ್ಲರೂ ಕಣ್ಣುಮುಚ್ಚಿ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ತಪ್ಪು ನಿಮ್ಮದೇ ಆಗಿದ್ದರೆ ಅದು ಸಾಮಾನ್ಯವಾಗಿ ಉಪಯೋಗಕ್ಕೆ ಬಾರದು. ಮನೆಯ ವಿಮೆಯಲ್ಲೋ ಕಾರ್ಮಿಕ ಸಂಘದ ಸದಸ್ಯತ್ವದಲ್ಲೋ ಅಂಥದ್ದೇ ರಕ್ಷಣೆ ಆಗಲೇ ಇದ್ದರೆ ಎರಡು ಸಲ ದುಡ್ಡು ಕೊಡಬೇಡಿ. ಅದು ಇಲ್ಲದವರೂ ಪರಿಹಾರ ಕೇಳಬಹುದು. ಆಗ ಖುದ್ದಾಗಿ ಓಡಾಡಬೇಕು, ಇಲ್ಲವೇ ವಕೀಲರಿಗೆ ಬಂದದ್ದರಲ್ಲಿ ಪಾಲು ಕೊಡಬೇಕು. ನಿಯಮಗಳು ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ಬೇಕು, ಬೇಡ ಎಂದು ಹೇಳುವ ಮೊದಲು ಓದಿ. ಒಲೆಯ ಮೇಲೆ ಸಾರಿದ್ದರೆ ಆರಿಸಿ ಬಂದು ಓದಿ. ಎಷ್ಟು ಮೊತ್ತದವರೆಗೆ ಕೊಡುತ್ತಾರೆ, ಎಷ್ಟು ದಿನದೊಳಗೆ ತಿಳಿಸಬೇಕು, ಮೊದಲು ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಪೆಟ್ಟಾದ ಮೇಲೆ ಹಕ್ಕಿನದನ್ನು ಕೇಳುವುದು ನೆರೆಯವರೊಡನೆ ಜಗಳವಲ್ಲ.

ಸೆಪ್ಟೆಂಬರಿನ ಆ ಶನಿವಾರ ಸೆಪ್ ತನ್ನ ಲೀಕ್‌ಗಳನ್ನು ಎಡಗೈಯಲ್ಲೇ ಎತ್ತಿ ಮೇಜಿನ ಮೇಲಿಟ್ಟ. ಬಂದದ್ದು ಮೂರನೆಯ ಬಹುಮಾನ. ನಾಲ್ಕನೆಯ ಗಿಡದ ಕೊರಳಪಟ್ಟಿಯನ್ನು ಜೂನಿನಲ್ಲೇ ಬಿಚ್ಚಿದ್ದರಿಂದ ಅದರ ಬಿಳುಪು ಕೆಟ್ಟಿತು ಎಂದು ಅವನು ಇವತ್ತಿಗೂ ದೂರುತ್ತಾನೆ. ದೂರುವಾಗ ಎರಡೂ ಕೈಯನ್ನು ತಲೆಯ ಮೇಲಕ್ಕೆತ್ತಿ ದೂರುತ್ತಾನೆ.

ನಿಮ್ಮ ಪಾಲಿಸಿ ಎಲ್ಲಿದೆ? ಎದ್ದು ಹೋಗಿ ಒಮ್ಮೆ ನೋಡಿ ಬನ್ನಿ.